ಏಳನೇ ಸಾಲಿನ ಬಡಿತ

"ಬಡೀರಿ, ಬರ್ತೀನಿ."

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕಡೇ ಮಾತು ಇದು. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೇಳಿದಳು. ನನ್ನ ಮುಖ ಕೂಡ ನೋಡಲಿಲ್ಲ. ದಿನಾ ಹೇಳುವ ಮಾತು, ಅದಕ್ಕೆ ಮುಖ ಯಾಕೆ ನೋಡಬೇಕು.

ನಾನು ಬಡಿಯಲಿಲ್ಲ.

ಇದು ನಡೆದದ್ದು. ಕತೆ ಕಟ್ಟೋ ಬುದ್ಧಿ ನನಗಿಲ್ಲ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾತ್ರಿ ಹೊತ್ತು ಇದನ್ನ ಹೇಳಿದಾಗ ಕೆಲವರು ನಗ್ತಾರೆ. ನಗಲಿ. ನಕ್ಕವರಲ್ಲಿ ಒಬ್ಬರೂ ಆಮೇಲೆ ಬಾವಿ ದಾರೀಲಿ ಒಬ್ಬರೇ ಮನೆಗೆ ಹೋಗಿಲ್ಲ.

ನಮ್ಮಿಬ್ಬರದೂ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ದೊಡ್ಡ ಗೋದಾಮು. ಮೀನು, ಮಾಂಸ, ಬಟಾಣಿ, ಎಲ್ಲ ಕಲ್ಲಾಗಿ ಪೆಟ್ಟಿಗೆಯಲ್ಲಿ ಕೂತಿರುತ್ತವೆ. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಹನ್ನೆರಡು ಸಾಲು ಕಬ್ಬಿಣದ ರ್ಯಾಕು, ಮೂರು ಆಳೆತ್ತರ. ನಾನು ಬಾಗಿಲು ಕಾಯುವವನು. ಅವಳು ಪೆಟ್ಟಿಗೆ ಎಣಿಸುವವಳು. ಹತ್ತೊಂಬತ್ತು ವರ್ಷ.

ಆ ಚಳಿಗೆ ಪೆನ್ನು ಬರೆಯಲ್ಲ, ಶಾಯಿ ಕಟ್ಟಿಕೊಳ್ಳುತ್ತೆ. ಅದಕ್ಕೆ ಅವಳ ಕೊರಳಲ್ಲಿ ಯಾವಾಗಲೂ ದಾರ ಕಟ್ಟಿದ ಪೆನ್ಸಿಲು. ಪೆನ್ಸಿಲಿನ ಹಿಂದೆ ಹಿತ್ತಾಳೆ ಟೊಪ್ಪಿ. ಮನೆಗೆ ಬಂದರೂ ತೆಗೆಯೋದು ಮರೀತಿದ್ದಳು. ಸರ ಚೆನ್ನಾಗಿದೆ ಅಂತ ರೇಗಿಸಿದರೆ, ನೀವು ತಂದುಕೊಟ್ಟ ಒಡವೆ ಇದೊಂದೇ ಅಲ್ವಾ, ತೆಗೆದಿಟ್ಟರೆ ಬೇಜಾರು ಮಾಡ್ಕೋತೀರ ಅನ್ನೋಳು.

ಬಾಗಿಲು ಒಂದು ಗೇಣು ದಪ್ಪ. ಹೊರಗೆ ಗಂಟಲು ಹರಿದುಕೊಂಡರೂ ಒಳಗೆ ಕೇಳಲ್ಲ. ಒಳಗೆ ಗಾಳಿ ಯಂತ್ರ ಹಗಲೂ ರಾತ್ರಿ ಹೋ... ಅನ್ನುತ್ತಿರುತ್ತೆ. ಅದಕ್ಕೆ ನಮ್ಮಲ್ಲಿ ಒಂದು ರೂಢಿ ಇತ್ತು. ಬಾಗಿಲು ಹಾಕೋ ಮುಂಚೆ ಬಾಗಿಲವನು ಕಬ್ಬಿಣದ ಸಲಾಕೆ ತಗೊಂಡು ಚೌಕಟ್ಟಿಗೆ ಮೂರು ಸಲ ಬಡೀಬೇಕು. ಠಣ್. ಠಣ್. ಠಣ್. ಚೌಕಟ್ಟಿಗೂ ರ್ಯಾಕಿಗೂ ನೆಲದಡಿ ಒಂದೇ ಕಬ್ಬಿಣ. ಸದ್ದು ಎಲ್ಲ ಸಾಲಿಗೂ ಹರಿಯುತ್ತೆ. ಒಳಗೆ ಯಾರಿದ್ದರೂ ಪೆಟ್ಟಿಗೆ ಎಳೆಯೋ ಕೊಕ್ಕೆಯಿಂದ ಕಂಬಕ್ಕೆ ಎರಡು ಬಡೀಬೇಕು. ಠಣ್. ಠಣ್. ಇದ್ದೀನಿ, ಹಾಕಬೇಡ ಅಂತ. ಬಾಗಿಲವನು ಚೌಕಟ್ಟಿಗೆ ಕಿವಿ ಇಟ್ಟು ಇಪ್ಪತ್ತು ಉಸಿರು ಕಾಯಬೇಕು. ನನಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ, ಹತ್ತೊಂಬತ್ತನೇ ಉಸಿರಿಗೆ ಒಬ್ಬ ಬಡಿದಿದ್ದ ಕಣೋ, ಅವನು ಈಗಲೂ ಬದುಕಿದ್ದಾನೆ ಅಂತ.

ನನ್ನ ಹೆಂಡತಿ ಎರಡು ಬಡಿದು ನಿಲ್ಲಿಸುತ್ತಿರಲಿಲ್ಲ. ಸ್ವಲ್ಪ ತಡೆದು... ಪೆನ್ಸಿಲಿನ ಹಿತ್ತಾಳೆ ಟೊಪ್ಪಿಯಿಂದ ಮೆಲ್ಲಗೆ ಇನ್ನೊಂದು. ಟಿಣ್. ಕಿವಿ ಇಟ್ಟವನಿಗೆ ಮಾತ್ರ ಕೇಳೋದು. ಯಾಕೆ ಅಂತ ಒಂದು ಸಲ ಕೇಳಿದೆ.

"ಎರಡು ಕಂಪನಿಗೆ. ಒಂದು ನಿಮಗೆ," ಅಂದಳು.

ಇದು ನನಗೂ ಅವಳಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಆಮೇಲೆ ಸುಲಭ ಸಾರ್ ಬಂದರು. ಅವರ ಹೆಸರು ಬೇರೆ. ಏನು ಕೇಳಿದರೂ "ಸುಲಭ" ಅನ್ನೋರು, ಅದಕ್ಕೆ ಆ ಹೆಸರು ಇಟ್ಟವಳು ನನ್ನ ಹೆಂಡತಿ. ಅವರದೇ ಒಂದು ಕಂಪನಿ. ಗೋದಾಮಾಗಲಿ, ಗಣಿಯಾಗಲಿ, ಬಂದರಾಗಲಿ, ಹೋಗಿ ನೋಡೋದು. ಇಲ್ಲಿ ಆಳು ಬೇಡ ಡ್ರೋನ್ ಸಾಕು, ಅಲ್ಲಿ ಚಾಲಕ ಬೇಡ ತಾನೇ ಓಡೋ ಗಾಡಿ ಸಾಕು ಅಂತ ಮಾಲೀಕರಿಗೆ ತೋರಿಸಿಕೊಡೋದು. ಯಂತ್ರ ತರಿಸೋದು, ಕೂರಿಸೋದು, ಇದ್ದವರಲ್ಲಿ ಒಬ್ಬಿಬ್ಬರಿಗೆ ಕಲಿಸೋದು, ಇನ್ನೊಂದು ಊರಿಗೆ ಹೋಗೋದು.

ಡ್ರೋನಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಹೇಳಿದ್ದನ್ನ ಮಾಡುತ್ತೆ. ಅವಳಿಗೂ ಇರಲಿಲ್ಲ. ಮೊದಲ ದಿನ ಅದು ಗುಂಯ್ ಅಂತ ಮೇಲೆ ಹೋಗಿ, ಮೇಲಿನ ಅಟ್ಟದ ಪೆಟ್ಟಿಗೆ ಒಂದೊಂದಕ್ಕೂ ಟಿಕ್, ಟಿಕ್ ಅಂತ ಎಣಿಸಿದಾಗ ಕೈ ಮುಗಿದಳು. ಇನ್ನು ಏಣಿ ಹತ್ತೋ ಹಾಗಿಲ್ಲ, ನನ್ನ ಮಂಡಿ ಉಳೀತು ಅಂದಳು. ಅದನ್ನ ಹಾರಿಸೋಕೆ ಕಲಿತವನು ಅವಳ ತಮ್ಮ, ನನ್ನ ಬಾಮೈದ. ಅಲ್ಲೇ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಅವ್ವ ಇಲ್ಲದ ಅವನನ್ನ ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ನಾನು ಮದುವೆಯಾದಾಗ ಹೆಂಡತಿ ಜೊತೆ ಅವನೂ ಬಂದ. ಅವನ ಕೈಗೆ ಡ್ರೋನ್ ಬಂದ ದಿನ ಇವಳ ಹೆಮ್ಮೆ ನೋಡಬೇಕಿತ್ತು.

ನನ್ನ ಸಿಟ್ಟು ಬೇರೆ.

ಬಾಗಿಲಿಗೆ ಒಳಗಡೆಯಿಂದ ಒಂದು ಹಿಡಿ ಇತ್ತು. ಒಳಗೆ ಸಿಕ್ಕಿಕೊಂಡವರು ಒದ್ದರೆ ತೆರೆಯೋದು. ಸುಲಭ ಸಾರ್ ಅದನ್ನ ಬಿಚ್ಚಿಸಿ ತಗಡು ಹೊಡೆಸಿದರು. ಬಾಗಿಲು ಮೋಟಾರಿನದ್ದಾಯ್ತು, ಹಿಡಿ ಇದ್ದರೆ ಚಳಿ ಸೋರುತ್ತೆ ಅಂತ. ನಾನು ಕೇಳಿದೆ, ಸಾರ್, ಒಳಗಿದ್ದವರು ಏನು ಮಾಡಬೇಕು. ಅವರು ನಕ್ಕರು.

"ಒಳಗೆ ಮನುಷ್ಯರೇ ಇರಲ್ಲ ಅಂದಮೇಲೆ ಹಿಡಿ ಯಾರಿಗೆ?"

ಸಲಾಕೆಯನ್ನೂ ತೆಗೆದರು. ಚೌಕಟ್ಟಿಗೆ ಒಂದು ಸೆನ್ಸರ್ ಅಂಟಿಸಿದ್ದರು, ಅಲುಗಾಟ ಹಿಡಿಯೋದು. ನಾನು ಬಡಿದಾಗೆಲ್ಲ ಬಾಮೈದನ ಫೋನಿಗೆ "ಕಂಪನ ದೋಷ" ಅಂತ ಸಂದೇಶ ಹೋಗೋದು. ಎಲ್ಲರಿಗೂ ತಲೆನೋವು. ಬಡಿಯೋ ಹಾಗಿಲ್ಲ ಅಂದರು. ಬದಲಿಗೆ ನನ್ನ ಕೈಗೆ ಒಂದು ಟ್ಯಾಬ್ ಕೊಟ್ಟರು. ಒಳಗೆ ಎಷ್ಟು ಜನ ಅಂತ ಅದೇ ತೋರಿಸುತ್ತೆ. ಮೈ ಬಿಸಿ ನೋಡಿ ಲೆಕ್ಕ ಹಾಕುತ್ತಂತೆ. ಸೊನ್ನೆ ಬಂದರೆ ಹಸಿರು ಗುಂಡಿ ಒತ್ತೋದು. ಬಾಗಿಲು ಮುಚ್ಚುತ್ತೆ, ಡ್ರೋನ್ ಹಾರುತ್ತೆ. ಅದು ಹಾರುತ್ತಿರೋವರೆಗೂ ಬಾಗಿಲು ತೆರೆಯಲ್ಲ, ಹೊರಗಿನ ಗಾಳಿ ನುಗ್ಗಿದರೆ ಹಾರಾಟ ಕೆಡುತ್ತೆ ಅಂತ. ಗುಂಡಿ ಒತ್ತೋಕೆ ಬಾಗಿಲ ಹತ್ತಿರ ಯಾಕಿರಬೇಕು ಅಂತ ನನ್ನ ಕುರ್ಚಿನೂ ಎತ್ತಿ ಹೊರಗಿನ ಗೇಟಿಗೆ ಹಾಕಿದರು.

ಗೇಟಿಂದ ಬಾಗಿಲಿಗೆ ನೂರಾ ನಲವತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ಅಳೆದಿದ್ದೀನಿ.

ಮೊದಲ ಮೂರು ತಿಂಗಳು ಅವಳು ಎಣಿಸೋದು, ಡ್ರೋನೂ ಎಣಿಸೋದು, ತಾಳೆ ನೋಡೋದು ಅಂತ ಆಗಿತ್ತು. ದಿನಾ ಒಂದು ಪೆಟ್ಟಿಗೆ ವ್ಯತ್ಯಾಸ. ಡ್ರೋನ್ ಸಾವಿರದ ನಾನೂರ ಹದಿನೈದು ಅನ್ನೋದು, ಇವಳು ಹದಿನಾರು ಅನ್ನೋಳು. ಏಳನೇ ಸಾಲಿನ ಕಡೇ ಕಂಬದ ಹಿಂದೆ ಒಂದು ಮರೆಯಾಗಿದೆ, ಅದು ನಿಮ್ಮ ಯಂತ್ರಕ್ಕೆ ಕಾಣಲ್ಲ ಅಂದಳು. ಸುಲಭ ಸಾರ್ ಎಲ್ಲರ ಮುಂದೆ, ಅಕ್ಕಾ, ಯಂತ್ರಕ್ಕೆ ಕಣ್ಣು ಮಂಜಾಗಲ್ಲ ಅಂದರು. ಮ್ಯಾನೇಜರ್ ನಕ್ಕ. ಬಾಮೈದನೂ ನಕ್ಕ. ಅವತ್ತು ರಾತ್ರಿ ಅವಳು ತಟ್ಟೆ ಮುಂದೆ ಕೂತಳು, ಕೈ ಹಾಕಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಪೆಟ್ಟಿಗೆ ತಪ್ಪಿಲ್ಲ ರೀ ಅಂದಳು. ಅಷ್ಟೇ.

ತಾಳೆಯ ಕಡೇ ದಿನ. ರಾತ್ರಿ ಎಂಟಕ್ಕೆ ಇಪ್ಪತ್ತು ನಿಮಿಷ. ನಾನು ನೀರು ತುಂಬಿಸಿಕೊಂಡು ಗೋದಾಮಿನ ಬಾಗಿಲ ಹತ್ತಿರದಿಂದ ಗೇಟಿಗೆ ಬರುತ್ತಿದ್ದೆ. ಅವಳು ದಪ್ಪ ಕೋಟು ಹಾಕಿಕೊಳ್ಳುತ್ತಿದ್ದಳು. ಏಳನೇ ಸಾಲು ಇನ್ನೊಂದು ಸಲ ನೋಡಿ ಬರ್ತೀನಿ, ಆ ಪೆಟ್ಟಿಗೆ ನಂಬರು ಬರಕೊಂಡು ಬಂದು ಅವರ ಮೂಗಿಗೆ ಹಿಡೀತೀನಿ ಅಂದಳು. ಆಮೇಲೆ ಆ ಮಾತು. ಬಡೀರಿ, ಬರ್ತೀನಿ.

ಹಳೇ ಅಭ್ಯಾಸದ ಮಾತು. ಬಡಿಯೋದು ನಿಂತು ತಿಂಗಳಾಗಿತ್ತು. ಅವಳ ಬಾಯಿಗೆ ಅದು ನೆನಪಿರಲಿಲ್ಲ. ನನ್ನ ಕಿವಿಗೆ ಅದು ತಾಕಲಿಲ್ಲ.

ಎಂಟು ಗಂಟೆ. ಬಾಮೈದನ ವ್ಯಾನು ಗೇಟು ದಾಟಿತು. ದಿನಾ ಅವಳು ಅದರಲ್ಲೇ ಮನೆಗೆ ಹೋಗೋಳು. ಕತ್ತಲು. ನಾನು ಕೈ ಬೀಸಿದೆ. ಒಳಗಿಂದ ಯಾರೋ ಬೀಸಿದ ಹಾಗಾಯ್ತು. ಟ್ಯಾಬ್ ನೋಡಿದೆ. ಮನುಷ್ಯರು, ಸೊನ್ನೆ.

ಒತ್ತಿದೆ.

ಕೋಟು ಒಳ್ಳೇದು. ಅದೇ ಆಗಿದ್ದು. ಮೈ ಬಿಸಿ ಒಂದು ಚೂರೂ ಹೊರಗೆ ಬಿಡಲ್ಲ. ಯಂತ್ರದ ಕಣ್ಣಿಗೆ ಅವಳು ಇನ್ನೊಂದು ಮೀನಿನ ಪೆಟ್ಟಿಗೆ. ಈ ಒಂದು ಮಾತು, ಕೋಲ್ಡ್ ಸ್ಟೋರೇಜಿನಲ್ಲಿ ಜನ ಕೋಟು ಹಾಕ್ಕೊಂಡಿರ್ತಾರೆ ಅನ್ನೋ ಮಾತು, ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೀಲಿಲ್ಲ. ಅವರು ಬಿಸಿಲಿನ ಗೋದಾಮಿನಲ್ಲಿ ಪರೀಕ್ಷೆ ಮಾಡಿದ್ದರು.

ಹತ್ತಕ್ಕೆ ನನ್ನ ಪಾಳಿ ಮುಗೀತು. ನಡೆದು ಹೊರಟೆ.

ದಾರಿ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ಯಾರೂ ನೀರು ಸೇದಲ್ಲ. ಮೇಲೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದಿದ್ದಾರೆ. ಬೀದಿ ದೀಪ ಅಲ್ಲಿಗೆ ಮುಗಿಯುತ್ತೆ. ಗಾಳಿ ಇರಲಿಲ್ಲ. ನಾಯಿ ಇರಲಿಲ್ಲ. ನನ್ನ ಚಪ್ಪಲಿ ಸದ್ದು ಮಾತ್ರ. ಚರ್, ಚರ್, ಚರ್...

ಠಣ್. ಠಣ್.

ನಿಂತೆ. ಮುಚ್ಚಳದ ಒಳಗಿಂದ. ಕೆಳಗಿಂದ ಮೇಲಕ್ಕೆ ಬಡಿದ ಹಾಗೆ.

ಬಿಸಿಲಿಗೆ ಕಾದ ಕಬ್ಬಿಣ ಆರುವಾಗ ಸದ್ದು ಮಾಡುತ್ತೆ ಅಂದುಕೊಂಡೆ. ಹೆಜ್ಜೆ ಎತ್ತಿದೆ. ಆಗ...

ಟಿಣ್.

ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು. ಆದರೂ ನನ್ನ ಮಂಕು ತಲೆಗೆ ತಿಳೀಲಿಲ್ಲ. ಹೆದರಿಕೊಂಡು ಬೇಗ ಬೇಗ ಮನೆ ಕಡೆ ಹೆಜ್ಜೆ ಹಾಕಿದೆ. ಗೋದಾಮಿನ ಕಡೆ ಅಲ್ಲ, ಮನೆ ಕಡೆ.

ಮನೇಲಿ ದೀಪ ಇರಲಿಲ್ಲ. ಬೀಗ ಹಾಗೇ ಇತ್ತು.

ಓಡಿದೆ. ಡ್ರೋನ್ ಹಾರುತ್ತಿತ್ತು, ಬಾಗಿಲು ತೆರೆಯಲ್ಲ ಅಂತು. ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವನು ಸುಲಭ ಸಾರ್‌ಗೆ ಮಾಡಿದ. ಸುಲಭ ಸಾರ್ ನಿದ್ದೆಗಣ್ಣಲ್ಲಿ, ಸ್ಕ್ರೀನಲ್ಲಿ ಸೊನ್ನೆ ಇದೆಯಲ್ಲಪ್ಪ, ನೆಂಟರ ಮನೆ ನೋಡಿ ಅಂದರು. ನಾನು ಕಲ್ಲು ತಗೊಂಡು ಚೌಕಟ್ಟಿಗೆ ಬಡಿದೆ. ಕಿವಿ ಇಟ್ಟೆ. ಇಪ್ಪತ್ತು ಉಸಿರು. ಇನ್ನೂರು ಉಸಿರು. ಒಳಗೆ ಹೋ... ಅಂತ ಗಾಳಿ. ನಡುವೆ ಟಿಕ್, ಟಿಕ್, ಟಿಕ್. ಅದು ಎಣಿಸುತ್ತಿತ್ತು.

ರಾತ್ರಿ ಒಂದು ಗಂಟೆ ಹತ್ತು ನಿಮಿಷಕ್ಕೆ ಲೆಕ್ಕ ಮುಗಿದು ಬಾಗಿಲು ತಾನೇ ತೆರೆಯಿತು.

ಏಳನೇ ಸಾಲಿನ ಕಡೇ ಕಂಬಕ್ಕೆ ಒರಗಿ ಕೂತಿದ್ದಳು. ಬಲಗೈಯಲ್ಲಿ ಪೆನ್ಸಿಲು. ಕಂಬದ ಹಿಂದೆ ಆ ಪೆಟ್ಟಿಗೆ ಇತ್ತು. ಅದರ ಮೇಲೆ ಅವಳು ಹಾಕಿದ ಗುರುತು ಇತ್ತು. ಅವಳ ಲೆಕ್ಕ ಸರಿ.

ವಿಚಾರಣೆ ಆಯಿತು. ಕಂಪನಿಯವರು ಒಂದು ವರದಿ ಬರೆದರು. ನನಗೆ ಓದಿ ಹೇಳಿದರು. ನಿಯಮ ಮೀರಿ, ಯಾರಿಗೂ ತಿಳಿಸದೆ ಒಳಗೆ ಹೋಗಿದ್ದರು. ಸಹಾಯಕ್ಕೆ ಕರೆದ ದಾಖಲೆ ಇಲ್ಲ.

ಸಹಾಯಕ್ಕೆ ಕರೆದ ದಾಖಲೆ ಇಲ್ಲ. ಅಂದರೆ ಅವಳು ಸುಮ್ಮನೆ ಕೂತು ಸತ್ತಳು ಅಂತ. ನನ್ನನ್ನ ಕೂಗದೆ. ಈ ಒಂದು ಸಾಲು ನನ್ನ ಎದೇಲಿ ಮುಳ್ಳಾಗಿ ಕೂತಿತು. ಅದನ್ನ ಯಾರಾದರೂ ಬಾಯಿಬಿಟ್ಟು ಸುಳ್ಳು ಅನ್ನಬೇಕು. ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಕೇಳಿದವರಿಗೆಲ್ಲ ಹೇಳಿದೆ. ದುಃಖದಲ್ಲಿದ್ದಾನೆ ಪಾಪ ಅಂದರು. ಪಾಪ ಅನ್ನಿಸಿಕೊಳ್ಳೋಕಿಂತ ಕಪಾಳಕ್ಕೆ ಹೊಡೆಸಿಕೊಳ್ಳೋದು ವಾಸಿ.

ಕೆಲಸ ಬಿಡಲಿಲ್ಲ. ಅವಳು ಕಡೇಲಿ ಇದ್ದ ಜಾಗ ಅದು, ಬಿಟ್ಟು ಎಲ್ಲಿಗೆ ಹೋಗಲಿ. ಬಾಮೈದನ ಜೊತೆ ಮಾತು ಬಿಟ್ಟೆ. ಅವನೂ ನನ್ನ ಮುಖ ನೋಡುತ್ತಿರಲಿಲ್ಲ.

ದಿನಾ ರಾತ್ರಿ ಹತ್ತು ಇಪ್ಪತ್ತಕ್ಕೆ ಆ ಬಾವಿ ದಾಟಬೇಕು. ದಿನಾ ಅದೇ. ಠಣ್. ಠಣ್... ಟಿಣ್. ಮಳೆ ಬಂದ ದಿನವೂ. ಮೊದಲ ವಾರ ಓಡಿದೆ. ಆಮೇಲೆ ನಿಲ್ಲೋಕೆ ಶುರುಮಾಡಿದೆ. ಮುಚ್ಚಳದ ಮೇಲೆ ಕೈ ಇಡುತ್ತಿದ್ದೆ. ಬೇಸಿಗೆ ಅದು. ಸುತ್ತಲಿನ ಕಲ್ಲು ಬಿಸಿ ಬಿಸಿ. ಮುಚ್ಚಳ ಮಾತ್ರ ಕೈ ಅಂಟಿಕೊಳ್ಳೋ ಹಾಗೆ ತಣ್ಣಗೆ.

ಐವತ್ತೆರಡನೇ ರಾತ್ರಿ ಪಾಳಿ ಅರ್ಧ ಗಂಟೆ ಮುಂಚೆ ಮುಗೀತು. ಬಾವಿ ಹತ್ತಿರ ಬಂದಾಗ ಅಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ಬಾಮೈದ. ಕೈಯಲ್ಲಿ ಫೋನು. ಅದರ ಬೆಳಕಿಗೆ ಮುಖ ಹೆಣದ ಹಾಗಿತ್ತು.

"ಭಾವ," ಅಂದ. ಪಿಸುಮಾತು. "ನಿಮಗೂ ಕೇಳುತ್ತಾ?"

ನಾನು ಮುಚ್ಚಳದ ಕಡೆ ನೋಡಿದೆ.

"ಎರಡು. ಆಮೇಲೆ ಒಂದು. ಹೌದಾ ಭಾವ?"

ಆ ಒಂದರ ವಿಷಯ ಅವನಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ. ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದೆ. ಯಾರು ಹೇಳಿದ್ದು ಅಂದೆ.

ಫೋನು ಎತ್ತಿ ತೋರಿಸಿದ. ಅವತ್ತಿನ ರಾತ್ರಿಯ ಸಂದೇಶ. ಕಂಪನ ದೋಷ. ಕಂಪನ ದೋಷ. ಉದ್ದಕ್ಕೆ ಒಂದರ ಕೆಳಗೊಂದು. ಎಂಟು ಹನ್ನೆರಡಕ್ಕೆ ಮೊದಲನೆಯದು. ಹತ್ತು ಇಪ್ಪತ್ತಕ್ಕೆ ಕಡೆಯದು. ಒಂದೊಂದರ ಜೊತೆಗೂ ಗೆರೆ ಇತ್ತು, ಅಲುಗಾಟ ಎಷ್ಟು ಅಂತ. ಎರಡು ಉದ್ದ ಗೆರೆ. ಸ್ವಲ್ಪ ಜಾಗ. ಒಂದು ಸಣ್ಣ ಗೆರೆ.

"ಎಷ್ಟು ಸಲ?"

"ನಲವತ್ತಮೂರು, ಭಾವ."

"ನೀನು ಏನು ಮಾಡ್ತಿದ್ದೆ?"

"ಫೋನಿನ ಸದ್ದು ಆರಿಸಿದ್ದೆ. ದಿನಾ ಬರ್ತಿತ್ತಲ್ಲ... ನೀವು ಮರೆತು ಬಡಿದಿರಿ ಅಂದ್ಕೊಂಡೆ. ಅಕ್ಕ ನಿಮ್ಮ ಜೊತೆ ನಡ್ಕೊಂಡು ಬರ್ತಾಳೆ ಅಂದ್ಕೊಂಡೆ."

ಎರಡು ಗಂಟೆ ಎಂಟು ನಿಮಿಷ. ನಲವತ್ತಮೂರು ಸಲ ಕಂಪನಿಗೆ. ನಲವತ್ತಮೂರು ಸಲ ನನಗೆ. ನಾನು ನೂರಾ ನಲವತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಮೇಲೆ ಕೂತಿದ್ದೆ.

ಮರುದಿನವೇ ಸುಲಭ ಸಾರ್ ಇದನ್ನ ನೋಡಿದ್ದರಂತೆ. ಅಳಿಸು ಅಂದರಂತೆ. ಕೆಲಸ ಉಳೀಬೇಕಾದರೆ ಅಂತ. ಕಂಪನಿ ಕಂಪ್ಯೂಟರಿಂದ ಅಳಿಸಿದ. ಫೋನಿಂದ ಅಳಿಸೋಕೆ ಬೆರಳು ಏಳಲಿಲ್ಲ ಅಂದ.

ಹೊಡೆದೆ. ಸುಳ್ಳು ಯಾಕೆ ಹೇಳಲಿ, ಮುಖ ಮೂತಿ ನೋಡದೆ ಹೊಡೆದೆ. ಅವನು ಕೈ ಅಡ್ಡ ತರಲಿಲ್ಲ. ನನ್ನ ಕೈ ನೋಯೋವರೆಗೂ ಹೊಡೆದು ಅವನ ಪಕ್ಕದಲ್ಲೇ ಕೂತೆ.

"ಈಗಲೂ ಬರುತ್ತೆ ಭಾವ," ಅಂದ ಆಮೇಲೆ.

"ಏನು?"

"ಸಂದೇಶ. ದಿನಾ ಎಂಟು ಹನ್ನೆರಡರಿಂದ ಹತ್ತು ಇಪ್ಪತ್ತರವರೆಗೂ. ಸೆನ್ಸರ್ ಕಿತ್ತು ಹೊಸದು ಹಾಕಿದ್ವಿ, ಆದರೂ ಬರುತ್ತೆ. ಮೊನ್ನೆ ಸೆನ್ಸರೇ ತೆಗೆದೆ. ನನ್ನ ಪೆಟ್ಟಿಗೇಲಿದೆ, ತಂತಿನೂ ಇಲ್ಲ, ಬ್ಯಾಟರಿನೂ ಇಲ್ಲ... ಈಗಲೂ ಬರುತ್ತೆ."

ಆಗ ಅವನ ಕೈಯಲ್ಲಿದ್ದ ಫೋನು ನಡುಗಿತು. ಗುರ್ರ್... ಇಬ್ಬರೂ ನೋಡಿದೆವು. ಹತ್ತು ಇಪ್ಪತ್ತು. ಕಂಪನ ದೋಷ.

ನಮ್ಮ ಬೆನ್ನ ಹಿಂದೆ ಮುಚ್ಚಳ. ಠಣ್. ಠಣ್.

ಅವನು ನನ್ನ ತೋಳು ಹಿಡಿದುಕೊಂಡ. ಚಿಕ್ಕವನಿದ್ದಾಗ ಅವಳ ತೋಳು ಹೀಗೇ ಹಿಡೀತಿದ್ದ.

ಟಿಣ್.

ಎದ್ದು ಗೋದಾಮಿಗೆ ಹೋದೆವು. ಅವನ ಹತ್ತಿರ ಕೀಲಿ ಇತ್ತು. ಸ್ಕ್ರೀನ್ ಇರೋ ಕೋಣೇಲಿ ದೀಪ ಹಾಕದೆ ಕೂತೆವು. ಡ್ರೋನಿನ ಕಣ್ಣಿಗೆ ಕಂಡದ್ದು ನಮಗೆ ಸ್ಕ್ರೀನಲ್ಲಿ ಕಾಣುತ್ತೆ. ಐದನೇ ಸಾಲು, ಟಿಕ್, ಟಿಕ್. ಆರನೇ ಸಾಲು, ಟಿಕ್, ಟಿಕ್. ಏಳನೇ ಸಾಲಿನ ಕಡೆಗೆ ಬಂದಾಗ ನಿಂತುಬಿಟ್ಟಿತು. ಮೇಲೆ ಅಲ್ಲ. ಕೂತವರ ಮುಖದ ಎತ್ತರಕ್ಕೆ ಇಳಿದು ನಿಂತಿತು. ಮುಂದೆ ಖಾಲಿ ಕಂಬ, ಖಾಲಿ ನೆಲ. ಅಲ್ಲಿ ಎಣಿಸೋಕೆ ಏನೂ ಇಲ್ಲ. ಗುಂಯ್... ಅಂತ ಒಂದೇ ಸಮ ನಿಂತಿತ್ತು.

ನಾನು ಉಸಿರು ಎಣಿಸಿದೆ. ಸರಿಯಾಗಿ ಇಪ್ಪತ್ತು. ಆಮೇಲೆ ಎಂಟನೇ ಸಾಲಿಗೆ ಹೋಯಿತು.

"ಇದನ್ನ ನಾನು ಹಾಕಿಲ್ಲ ಭಾವ," ಅಂದ. "ಯಾರೂ ಹಾಕಿಲ್ಲ."

ಇಪ್ಪತ್ತು ಉಸಿರಿನ ರೂಢಿ ಯಂತ್ರಕ್ಕೆ ಯಾರು ಕಲಿಸಿದರು. ನೀವೇ ಹೇಳಿ.

ಆಗ ಅವನು ಇನ್ನೊಂದು ಮಾತು ಹೇಳಿದ. ಬೆಳಿಗ್ಗೆ ಹನ್ನೆರಡು ಜನ ವ್ಯಾಪಾರಿಗಳು ಬರ್ತಾರೆ. ಮೀನಿನವರು, ಹಾಲಿನವರು, ಔಷಧಿಯವರು. ಎಲ್ಲರಿಗೂ ತಂತಮ್ಮ ಗೋದಾಮಿಗೆ ಇಂಥದೇ ಬೇಕಂತೆ. ಸುಲಭ ಸಾರ್ ನಮ್ಮ ಗೋದಾಮನ್ನೇ ಮಾದರಿ ಅಂತ ತೋರಿಸುತ್ತಾರೆ. ಇವರಲ್ಲಿ ಒಬ್ಬೊಬ್ಬರ ಬಾಗಿಲಿಂದಲೂ ಹಿಡಿ ಬಿಚ್ಚಿಸುತ್ತಾರೆ, ಸಲಾಕೆ ತೆಗೆಸುತ್ತಾರೆ. ಹನ್ನೆರಡು ಬಾಗಿಲು.

ರಾತ್ರಿಯೆಲ್ಲ ಅಲ್ಲೇ ಕೂತಿದ್ದೆವು. ಬೆಳಿಗ್ಗೆ ನಾನು ಏನು ಮಾಡ್ತೀನಿ ಅಂತ ಹೇಳಿದೆ. ಅವನು ತಲೆ ಆಡಿಸಿದ. ಕೆಲಸ ಹೋಗುತ್ತೆ ಕಣೋ ಅಂದೆ. ಹೋಗಲಿ ಅಂದ.

ಬೆಳಿಗ್ಗೆ ಒಂಬತ್ತಕ್ಕೆ ಹನ್ನೆರಡು ಜನ ಬಂದರು. ಒಳಗೆಲ್ಲ ಸುತ್ತಾಡಿ, ಕೈ ಉಜ್ಜಿಕೊಳ್ಳುತ್ತಾ ಹೊರಗೆ ಬಂದು ಬಾಗಿಲ ಮುಂದೆ ನಿಂತರು. ಅವರು ಹೊರಗೆ ಬರೋ ಹೊತ್ತಿಗೆ ನಾನು ಬಾಗಿಲ ಪಕ್ಕದ ಮೊಳೆಯಿಂದ ಅವಳ ಕೋಟು ತೆಗೆದುಕೊಂಡು, ಹಾಕಿಕೊಂಡು, ಪಕ್ಕದ ಸಾಲಿನಲ್ಲಿ ಒಳಗೆ ನಡೆದೆ. ಟೊಪ್ಪಿ ಎಳೆದುಕೊಂಡೆ. ಕೈಗವಸು ಹಾಕಿಕೊಂಡೆ. ಒಂದು ಕೊಕ್ಕೆ ಹಿಡಿದುಕೊಂಡೆ. ಏಳನೇ ಸಾಲಿನ ಕಡೇ ಕಂಬಕ್ಕೆ ಒರಗಿ ನಿಂತೆ.

ಹೊರಗೆ ನಡೆದದ್ದು ಬಾಮೈದ ಆಮೇಲೆ ಹೇಳಿದ್ದು. ಸುಲಭ ಸಾರ್ ದೊಡ್ಡ ಸ್ಕ್ರೀನ್ ತೋರಿಸಿದರಂತೆ. ನೋಡಿ, ಮನುಷ್ಯರು ಸೊನ್ನೆ. ಎಷ್ಟು ಸುಲಭ. ಅವರೇ ಹಸಿರು ಗುಂಡಿ ಒತ್ತಿದರು.

ಬಾಗಿಲು ಮುಚ್ಚಿತು. ಕಿರ್ರ್... ಧಪ್. ದೀಪ ಆರಿತು. ಖಾಲಿ ಗೋದಾಮಿಗೆ ದೀಪ ಯಾಕೆ ಅಂತ ಅದನ್ನೂ ಅವರೇ ಮಾಡಿಸಿದ್ದು.

ಗಾಳಿ ಹೋ... ಅನ್ನುತ್ತಿತ್ತು. ಡ್ರೋನ್ ಗೂಡಿಂದ ಎದ್ದಿತು. ಅದರ ಸಣ್ಣ ಕೆಂಪು ದೀಪ ಒಂದೇ ಬೆಳಕು. ಟಿಕ್, ಟಿಕ್ ಅನ್ನುತ್ತಾ ಸಾಲು ಸಾಲಾಗಿ ಬಂತು. ನನ್ನ ಮುಂದೆ ಬಂತು. ರೆಕ್ಕೆ ಗಾಳಿ ಮುಖಕ್ಕೆ ಹೊಡೆಯಿತು. ನನ್ನ ಮುಂದೆ ನಿಲ್ಲಲೇ ಇಲ್ಲ. ನಾನೊಬ್ಬ ಬದುಕಿರೋನು ಅಂತ ಅದಕ್ಕೆ ಕಾಣಲೇ ಇಲ್ಲ. ನನ್ನ ಪಕ್ಕಕ್ಕೆ, ನೆಲದ ಹತ್ತಿರಕ್ಕೆ ಇಳಿದು ಅಲ್ಲಿ ನಿಂತಿತು. ಅಲ್ಲಿ ಏನೂ ಇರಲಿಲ್ಲ. ನಾನು ನೋಡಿದೆ, ಏನೂ ಇರಲಿಲ್ಲ. ಇಪ್ಪತ್ತು ಉಸಿರು ನಿಂತು ಹೋಯಿತು.

ಆಗ ಹೊರಗಿಂದ ಬಂತು. ಬಾಮೈದ ಹಳೇ ಸಲಾಕೆ ಹುಡುಕಿ ತಂದಿದ್ದ.

ಠಣ್. ಠಣ್. ಠಣ್.

ಕಾಲ ಕೆಳಗಿನ ಕಬ್ಬಿಣ ಜುಮ್ಮೆಂದಿತು. ಅವಳಿಗೆ ಕೇಳದೇ ಹೋದ ಸದ್ದು ಇದು. ಐವತ್ತಮೂರು ದಿನ ತಡವಾಗಿ ಬಂತು.

ಕೊಕ್ಕೆ ಎತ್ತಿ ಕಂಬಕ್ಕೆ ಎರಡು ಬಡಿದೆ. ಠಣ್. ಠಣ್. ಕೈ ಇಳಿಸಿದೆ. ಸುಮ್ಮನೆ ನಿಂತೆ.

ಹೊರಗೆ ಎಲ್ಲರೂ ಬೆಚ್ಚಿಬಿದ್ದರಂತೆ. ಏನದು ಅಂತ ಮೀನಿನ ವ್ಯಾಪಾರಿ ಕೇಳಿದರಂತೆ. ಕಬ್ಬಿಣ ಚಳಿಗೆ ಹಾಗೆ ಸದ್ದು ಮಾಡುತ್ತೆ, ಒಳಗೆ ಯಾರೂ ಇಲ್ಲ, ಸೊನ್ನೆ ಇದೆ ನೋಡಿ ಅಂದರಂತೆ ಸುಲಭ ಸಾರ್. ಆಗ ಬಾಮೈದ ಹನ್ನೆರಡು ಜನರ ಕಡೆ ತಿರುಗಿ ಹೇಳಿದ.

"ಒಳಗೆ ನಮ್ಮ ಭಾವ ಇದ್ದಾರೆ. ಅವತ್ತೂ ಸೊನ್ನೆನೇ ಇತ್ತು. ಅವತ್ತು ಒಳಗೆ ನಮ್ಮಕ್ಕ ಇದ್ದಳು. ನಲವತ್ತಮೂರು ಸಲ ಕರೆದಳು. ಇಲ್ಲಿದೆ ನೋಡಿ."

ಫೋನನ್ನ ಮೀನಿನ ವ್ಯಾಪಾರಿ ಕೈಗೆ ಕೊಟ್ಟನಂತೆ. ಅವರು ನೋಡಿ ಪಕ್ಕದವರಿಗೆ ಕೊಟ್ಟರಂತೆ. ಹಾಗೇ ಹನ್ನೆರಡೂ ಕೈ ದಾಟಿತು. ಬಾಗಿಲು ತೆಗೀರಿ ಅಂತ ಎಲ್ಲರೂ ಮೇಲೆ ಬಿದ್ದರೆ ಸುಲಭ ಸಾರ್‌ಗೆ ತೆಗೆಯೋಕೆ ಬರಲಿಲ್ಲ. ಡ್ರೋನ್ ಹಾರುತ್ತಿದೆಯಲ್ಲ. ಬೆವರುತ್ತಾ ಯಾರುಯಾರಿಗೋ ಫೋನ್ ಮಾಡಿ, ಯಾವುದೋ ಗುಪ್ತ ಸಂಖ್ಯೆ ತರಿಸಿಕೊಂಡು ತೆಗೆಸೋಕೆ ಹನ್ನೊಂದು ನಿಮಿಷ ಹಿಡೀತು. ಅವತ್ತು ಇದೇ ಹನ್ನೊಂದು ನಿಮಿಷ ಮಾಡಿದ್ದರೆ...

ಇರಲಿ.

ಬಾಗಿಲು ತೆರೆದಾಗ ಬೆಳಕು ಕಣ್ಣಿಗೆ ಹೊಡೆಯಿತು. ಹೊರಗೆ ಬಂದೆ. ಸುಲಭ ಸಾರ್ ನೆಲ ನೋಡುತ್ತಿದ್ದರು. ಮೀನಿನ ವ್ಯಾಪಾರಿ ಇನ್ನೂ ಚೌಕಟ್ಟಿನ ಹತ್ತಿರವೇ ನಿಂತಿದ್ದರು. ವಯಸ್ಸಾದ ಮನುಷ್ಯ. ಬಾಮೈದ ಬಡಿದಾಗ ಅವರೂ ಚೌಕಟ್ಟಿಗೆ ಕಿವಿ ಇಟ್ಟಿದ್ದರಂತೆ.

"ಕಡೇಲಿ ಮೆಲ್ಲಗೆ ಬಡಿದದ್ದು ಯಾತರಿಂದ?" ಅಂತ ಕೇಳಿದರು.

ಯಾವುದು ಅಂದೆ.

"ಎರಡು ಜೋರಾಗಿ ಬಡಿದಿರಿ. ಆಮೇಲೆ ಸ್ವಲ್ಪ ಬಿಟ್ಟು ಒಂದು ಸಣ್ಣದು. ಹಿತ್ತಾಳೆ ಸದ್ದಿನ ಹಾಗಿತ್ತು."

ನಾನು ಕೊಕ್ಕೆ ತೋರಿಸಿದೆ. ಕೋಟಿನ ಜೇಬು ತೋರಿಸಿದೆ. ಖಾಲಿ. ಪೆನ್ಸಿಲನ್ನ ಅವಳ ಜೊತೆಗೇ ಕಳಿಸಿದ್ದೆವು.

ನಾನು ಬಡಿದದ್ದು ಎರಡೇ. ಆ ಮೀನಿನ ವ್ಯಾಪಾರಿ ಇನ್ನೂ ಇದ್ದಾರೆ. ಬೇಕಾದರೆ ಹೋಗಿ ಕೇಳಿ.